ಉಪ್ಪಿಲ್ಲದ ಬಾಣಲೆ

ಕೈ ಜಾರಿತು ಅಂತ ಬರೆಯಬೇಕಂತೆ.

ವಕೀಲ ರುದ್ರೇಶ್ ನಿನ್ನೆ ಜೈಲಿಗೆ ಬಂದು ಈ ನೋಟ್‌ಬುಕ್ಕು, ಒಂದು ಪೆನ್ನು ಕೊಟ್ಟು ಹೋದರು. ಒಳ್ಳೆಯ ಮನುಷ್ಯ. ವೆಸ್ಟ್ ಮಾಂಬಲಂನಲ್ಲಿ ಮನೆ. ನನ್ನಿಂದ ಒಂದು ರೂಪಾಯಿ ಕೇಳಿಲ್ಲ.

“ಅಮ್ಮಾ, ನಡೆದದ್ದೆಲ್ಲ ಕನ್ನಡದಲ್ಲೇ ಬರೀರಿ. ನಾನು ತಮಿಳಿಗೆ ಮಾಡಿಸ್ಕೋತೀನಿ. ಕೊನೇಲಿ ಮಾತ್ರ ಒಂದು ಮಾತು ಸೇರಿಸಿ. ಮೆಣಸಿನಕಾಯಿ ಬುಟ್ಟಿ ಕೈ ಜಾರಿ ಬಾಣಲೆಗೆ ಬಿತ್ತು, ಅಷ್ಟೇ. ಕೆಲಸ ಸರಿಯಾಗಿ ಗೊತ್ತಿಲ್ಲದ ಹೆಂಗಸು, ಗಾಬರೀಲಿ ತಪ್ಪಾಯ್ತು ಅಂದ್ರೆ ಬೇಲ್ ಸಿಗುತ್ತೆ. ಇಲ್ದೇ ಹೋದ್ರೆ ಕೊಲೆ ಪ್ರಯತ್ನದ ಕೇಸು. ವರ್ಷಗಟ್ಟಲೆ ಒಳಗೇ ಇರ್ತೀರಿ.”

ಹೊರಗೆ ಹೋಗುವ ಆಸೆ ನನಗಿಲ್ಲವೇ? ನಲವತ್ತೇಳು ವರ್ಷದವಳು ನಾನು, ನಾಲ್ಕು ಗೋಡೆ ನೋಡಿಕೊಂಡು ಸಾಯುವ ಹರಕೆ ಹೊತ್ತವಳಲ್ಲ. ಮೊದಲು ನಡೆದದ್ದನ್ನು ಬರೆಯುತ್ತೇನೆ. ಆ ಮಾತು ಸೇರಿಸುವುದೋ ಬಿಡುವುದೋ ಕೊನೆಗೆ ನೋಡೋಣ.

ನನ್ನ ಹೆಸರು ಅಮ್ಮಣ್ಣಿ. ಕುಂದಾಪುರದ ಕಡೆಯವಳು. ಧಣಿ ಜಯಪ್ರಕಾಶರ ಊರೂ ಅದೇ. ಅವರ ಹಟ್ಟಿಯ ಸಗಣಿ ಹೊತ್ತವರು ನನ್ನ ಅಪ್ಪ, ಅಮ್ಮ. ಮನೆಯ ಒಳಗೆ ಬರುವ ಜಾತಿ ನಮ್ಮದಲ್ಲ. ಧಣಿಗೆ ಚೆನ್ನೈಯಲ್ಲಿ ಎಂಟು ಹೋಟೆಲುಗಳಿವೆ. ದೊಡ್ಡದು ಮೈಲಾಪೂರಿನಲ್ಲಿ. ಇಪ್ಪತ್ತೆರಡು ವರ್ಷದ ಹಿಂದೆ ನನ್ನನ್ನು ಕರೆತಂದು ಸೌಕಾರ್‌ಪೇಟೆಯ ಗೋದಾಮಿನಲ್ಲಿ ಮೆಣಸಿನಕಾಯಿ ಹುರಿಯಲು ಹಾಕಿದರು. ಹೋಟೆಲಿನ ಅಡುಗೆಮನೆಗೆ ನಾನು ಕಾಲಿಡಬಾರದು. ನಾನು ಹುರಿದ ಪುಡಿ ಹೋಗಬಹುದು. ಪುಡಿಗೆ ಮೈಲಿಗೆ ಇಲ್ಲವಂತೆ.

ಆ ಪುಡಿಯ ಸಾಂಬಾರಿಗೆ ಮೈಲಾಪೂರಿನ ಜನ ಬೆಳಗ್ಗೆ ಏಳಕ್ಕೇ ಸಾಲು ನಿಲ್ಲುತ್ತಿದ್ದರು. ಆಮೇಲೆ ಧಣಿ ಅದನ್ನು ಪ್ಯಾಕೆಟ್ಟಿನಲ್ಲಿ ತುಂಬಿ ದುಬೈಗೂ ಸಿಂಗಾಪುರಕ್ಕೂ ಕಳಿಸಿದರು. ಪ್ಯಾಕೆಟ್ಟಿನ ಮೇಲೆ ಅವರ ತಾಯಿ ಜಯಲಕ್ಷ್ಮಮ್ಮನ ಫೋಟೋ. ಕೈಯಲ್ಲಿ ಸಟ್ಟುಗ. ಕೆಳಗೆ ‘ಅಜ್ಜಿಯೇ ಹುರಿದದ್ದು’ ಅಂತ ಅಚ್ಚು. ಅಜ್ಜಿ ನಮ್ಮ ಗೋದಾಮಿನ ಬೀದಿಗೂ ಬಂದವರಲ್ಲ.

ಹುರಿಯುವ ಕೋಣೆ ಹೇಗಿತ್ತು ಎಂದು ಬರೆಯಬೇಕು. ಆರು ಬಾಣಲೆ, ಆರು ಹೆಂಗಸರು. ಕಿಟಕಿ ಇಲ್ಲ. ಗಾಳಿ ಹೊರಗೆಳೆಯುವ ಫ್ಯಾನು ಎರಡು. ದಿನಕ್ಕೆ ನೂರೈವತ್ತು ಕಿಲೋ ಮೆಣಸಿನಕಾಯಿ. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ನಿಂತೇ ಇರಬೇಕು. ಸಟ್ಟುಗ ತಿರುವಿ ತಿರುವಿ ಬಲಗೈಯ ಹೆಬ್ಬೆರಳು ಸೆಟೆದು ನಿಂತಿದೆ, ಮಡಚುವುದಿಲ್ಲ. ಕೈ ಎಷ್ಟು ತೊಳೆದರೂ ಉರಿ ಹೋಗುವುದಿಲ್ಲ. ಮಗುವಿಗೆ ಹಾಲು ಕುಡಿಸುವ ಹೆಂಗಸು ಈ ಕೆಲಸಕ್ಕೆ ಬಂದರೆ ಮೂರೇ ದಿನಕ್ಕೆ ಓಡಿಹೋಗುತ್ತಿದ್ದಳು.

ಈ ಕೆಲಸದಲ್ಲಿ ಒಂದು ಕಲೆ ಇದೆ. ಬಾಣಲೆ ಕಾದ ಕೂಡಲೇ ಮೊದಲು ಒಂದು ಮುಷ್ಟಿ ಕಲ್ಲುಪ್ಪು ಹಾಕಬೇಕು. ಉಪ್ಪು ಚಟಚಟ ಅನ್ನುವಾಗ ಮೆಣಸು ಸುರಿಯಬೇಕು. ಆಗ ಘಾಟು ಏಳುವುದಿಲ್ಲ. ಎದ್ದರೂ ಸೊಂಟದ ಮೇಲೆ ಬರುವುದಿಲ್ಲ. ಉಪ್ಪು ತಪ್ಪಿದರೆ ಒಂದು ನಿಮಿಷದಲ್ಲಿ ಮೂಗು, ಗಂಟಲು, ಕಣ್ಣು ಎಲ್ಲದಕ್ಕೂ ಬೆಂಕಿ. ಇದನ್ನು ಯಾರೂ ನಮಗೆ ಶಾಲೆಯಲ್ಲಿ ಕಲಿಸಲಿಲ್ಲ. ನನ್ನ ಅಬ್ಬೆಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ನಾನು ಭೀಮಾಬಾಯಿಗೆ ಹೇಳಿಕೊಟ್ಟೆ.

ಭೀಮಾಬಾಯಿ ಕಲಬುರಗಿಯವಳು. ನನ್ನ ಪಕ್ಕದ ಬಾಣಲೆ ಅವಳದು. ಹನ್ನೊಂದು ವರ್ಷ ಅವಳ ಮೊಣಕೈ ನನ್ನ ಮೊಣಕೈಗೆ ತಾಗುತ್ತಿತ್ತು. ಊರಿನಲ್ಲಿ ಒಬ್ಬ ಮಗಳು. ಬಾಯಿ ಜೋರು, ನಗು ಅದಕ್ಕಿಂತ ಜೋರು. “ಯಕ್ಕಾ, ನಾವ್ ಸತ್ರ ಸುಡಾಕ ಕಟಗಿ ಬ್ಯಾಡ, ಒಳಗೇ ಅರ್ಧಾ ಸುಟ್ಟೀವಿ” ಅನ್ನುತ್ತಿದ್ದಳು. ಜಗತ್ತಿನಲ್ಲಿ ನನ್ನವರು ಅಂತ ಇದ್ದದ್ದು ಅವಳೊಬ್ಬಳೇ.

ಎರಡು ವರ್ಷದ ಹಿಂದೆ ಧಣಿ ಹೊಸ ಸಿ.ಇ.ಒ. ತಂದರು. ಹೆಸರು ರವಿಶಂಕರ್. ಕನ್ನಡದವನೇ, ಹುಟ್ಟಿ ಬೆಳೆದದ್ದು ಇದೇ ಚೆನ್ನೈಯಲ್ಲಿ, ಮಾತಿನ ನಡುವೆ ತಮಿಳು ನುಸುಳುತ್ತಿತ್ತು. ತಿಂಗಳಿಗೆ ಒಂಬತ್ತು ಲಕ್ಷ ಸಂಬಳವಂತೆ. ನನಗೆ ಹನ್ನೊಂದೂವರೆ ಸಾವಿರ.

ಅವನು ಹುರಿಯುವ ಕೋಣೆಗೆ ಬಂದದ್ದು ಒಂದೇ ಸಲ. ಮೂಗಿಗೆ ಕರ್ಚೀಫು ಹಿಡಿದು ಬಾಗಿಲಲ್ಲಿ ನಿಂತ. ಅದೂ ಉಪ್ಪು ಬಿದ್ದ ಬಾಣಲೆಗಳ ಎದುರು. ಗೋಡೆಯ ಗಡಿಯಾರದ ಸೆಕೆಂಡಿನ ಮುಳ್ಳು ಒಂದು ಸುತ್ತು ಬರುವುದರೊಳಗೆ ಹೊರಟುಹೋದ. ಅಷ್ಟರಲ್ಲೇ ಅವನಿಗೆ ಎಲ್ಲ ತಿಳಿದಿತ್ತು. ಮರುವಾರ ಆರು ಹೆಂಗಸರಲ್ಲಿ ಮೂವರನ್ನು ಬಿಡಿಸಿದ. ಮೆಣಸು ಕಡಿಮೆ ಮಾಡಲಿಲ್ಲ. ಕರೆಂಟು ಬಿಲ್ಲು ಜಾಸ್ತಿ ಅಂತ ಒಂದು ಫ್ಯಾನು ನಿಲ್ಲಿಸಿದ. ಆಮೇಲೆ ಉಪ್ಪು ನಿಲ್ಲಿಸಿದ.

ಮೇಸ್ತ್ರಿ ಕಾಂತಪ್ಪ ಉಪ್ಪಿನ ಡಬ್ಬಿ ಎತ್ತಿಕೊಂಡು ಹೋದಾಗ ನಾನು ಅವನ ಫೋನಿನಲ್ಲೇ ರವಿಶಂಕರನ ಹತ್ತಿರ ಮಾತಾಡಿದೆ.

“ಸಾರ್, ಉಪ್ಪು ರುಚಿಗಲ್ಲ. ಘಾಟು ಏಳ್ದಿರ್ಲಿ ಅಂತ. ಉಪ್ಪು ಹಾಕ್ದಿದ್ರೆ ನಮ್ಗೆ ಉಸ್ರು ತೆಗೂಕೆ ಆತಿಲ್ಲೆ.”

“ಉಪ್ಪು ಹಾಕಿದ್ರೆ ಪ್ಯಾಕೆಟ್ಟಲ್ಲಿ ಸೋಡಿಯಂ ಜಾಸ್ತಿ ತೋರ್ಸುತ್ತೆಮ್ಮಾ. ಫಾರಿನ್ ಆಳ್ಗಳು ವೇಂಡಾ ಅಂತಾರೆ. ಮಾಸ್ಕ್ ಹಾಕೊಳ್ಳಿ, ಅವ್ಳೋದಾನ್, ಅಷ್ಟೇ.”

ಮೂರು ನೀಲಿ ಮಾಸ್ಕು ಬಂದವು, ಆಸ್ಪತ್ರೆಯಲ್ಲಿ ಹಾಕುವಂಥವು. ಮೊದಲ ದಿನವೇ ಬೆವರಿಗೆ ನೆನೆದು ಬಾಯಿಗೆ ಅಂಟಿದವು. ಅವತ್ತಿನಿಂದ ನಾವು ಮೂವರೂ ಕೆಮ್ಮತೊಡಗಿದೆವು. ನಾಲ್ಕು ತಿಂಗಳಿಗೆ ನನಗೂ ಇನ್ನೊಬ್ಬಳಿಗೂ ಕೆಮ್ಮು ನಿಂತಿತು. ಗಂಟಲು ಸತ್ತುಹೋಗಿತ್ತು, ಅದಕ್ಕೆ. ಭೀಮಾಬಾಯಿಯದು ನಿಲ್ಲಲಿಲ್ಲ.

ದೀಪಾವಳಿಗೆ ಧಣಿ ಎಲ್ಲರನ್ನೂ ಸೇರಿಸಿ ಭಾಷಣ ಮಾಡಿದರು. ಎರಡೇ ವರ್ಷದಲ್ಲಿ ಖರ್ಚು ಇಳಿಸಿ ಕಂಪನಿಗೆ ಲಾಭ ತಂದ ರವಿಶಂಕರ್‌ಗೆ ನಲವತ್ತು ಲಕ್ಷ ಬೋನಸ್ಸು ಅಂದರು. ಚಪ್ಪಾಳೆ. ನಮಗೆ ಅರ್ಧ ಕಿಲೋ ಮೈಸೂರ್ ಪಾಕ್. ಇಳಿಸಿದ ಖರ್ಚು ಅಂದರೆ ಮೂರು ಹೆಂಗಸರ ಅನ್ನ, ಒಂದು ಫ್ಯಾನು, ದಿನಕ್ಕೆ ಆರು ಕಿಲೋ ಉಪ್ಪು. ನಾನೂ ಚಪ್ಪಾಳೆ ತಟ್ಟಿದೆ. ಅದನ್ನು ನೆನೆದರೆ ಈಗಲೂ ನನ್ನ ಕೈಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಹಬ್ಬದ ಮರುವಾರ, ಮಂಗಳವಾರ. ಹನ್ನೊಂದು ಗಂಟೆ ಇರಬೇಕು. “ಯಕ್ಕಾ, ಎದಿಯಾಗ ಕೆಂಡ ಇಟ್ಟಂಗ ಆಗ್ಯದ” ಅಂದಳು ಭೀಮಾಬಾಯಿ. ಕೆಮ್ಮಿದಳು. ಸಟ್ಟುಗದ ಮೇಲೆ ರಕ್ತ ಬಿತ್ತು, ಕಾದ ಕಬ್ಬಿಣದಲ್ಲಿ ಚುರ್ ಅಂತು. ಇನ್ನೊಂದು ಸಲ ಕೆಮ್ಮಿದವಳು ಹಾಗೇ ಮುಂದಕ್ಕೆ ಬಿದ್ದಳು. ಕೆನ್ನೆ ಬಾಣಲೆಯ ಅಂಚಿಗೆ. ನಾನು ಕೂದಲು ಹಿಡಿದು ಎಳೆದೆ. ಅವಳು ಬಂದಳು. ಕೆನ್ನೆಯ ಚರ್ಮ ಬರಲಿಲ್ಲ.

ಕಾಂತಪ್ಪ ಓಡಿ ಬಂದ. ಅವನ ಬಾಯಿಂದ ಬಂದ ಮೊದಲ ಮಾತು, “ಬಾಣ್ಲೆ ಕಾಣಿ ಮಾರಾಯ್ತಿ, ಮೆಣ್ಸ್ ಕರಟಿ ಹೋತಿತ್!”

ಮೂಟೆ ಸಾಗಿಸುವ ಸೈಕಲ್ ಗಾಡಿಯಲ್ಲಿ ಅವಳನ್ನು ಮಲಗಿಸಿ ದೊಡ್ಡಾಸ್ಪತ್ರೆಗೆ ಒಯ್ದೆವು. ಡಾಕ್ಟರಮ್ಮ ಎದೆಯ ಫೋಟೋ ತೆಗೆಸಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು. ಕೆನ್ನೆ ವಾಸಿಯಾಗುತ್ತದೆ, ಶ್ವಾಸಕೋಶ ಸುಟ್ಟುಹೋಗಿದೆ, ಏನು ಕೆಲಸ ಮಾಡುತ್ತಾಳೆ ಅಂತ ಕೇಳಿದರು. ಹೇಳಿದೆ. ಚೀಟಿಯಲ್ಲಿ ಅದನ್ನೇ ಬರೆದರು.

ಮರುದಿನ ಆ ಚೀಟಿ ಹಿಡಿದು ಮೈಲಾಪೂರಿನ ಆಫೀಸಿಗೆ ಹೋದೆ. ಹೋಟೆಲಿನ ಮೇಲೆ, ಲಿಫ್ಟಿನಲ್ಲಿ ಎರಡನೆಯ ಮಹಡಿ. ಚಪ್ಪಲಿ ಕೆಳಗೇ ಬಿಡಿಸಿದರು. ಮೇಲೆ ಬಿಳಿ ಕಲ್ಲಿನ ನೆಲ. ಇಪ್ಪತ್ತೆರಡು ವರ್ಷದ ಮೆಣಸಿನ ಪುಡಿ ನನ್ನ ಅಂಗಾಲಿನ ಬಿರುಕಿನಲ್ಲಿದೆ. ಬೆವರಿದರೆ ಕೆಂಪು ಇಳಿಯುತ್ತದೆ. ಲಿಫ್ಟಿನಿಂದ ಅವರ ಮೇಜಿನವರೆಗೆ ಕೆಂಪು ಹೆಜ್ಜೆ ಮೂಡಿದವು.

ಧಣಿ, ರವಿಶಂಕರ್, ಕಾಂತಪ್ಪ ಮೂವರೂ ಇದ್ದರು. ನಾನು ಕೇಳಿದ್ದು ಹೆಚ್ಚೇನಲ್ಲ. ಭೀಮಾಬಾಯಿಯ ಔಷಧಿಯ ಖರ್ಚು ಕೊಡಿ, ಫ್ಯಾನು ಹಾಕಿ, ಉಪ್ಪು ಕೊಡಿ.

ರವಿಶಂಕರ್ ಕೂಗಾಡಲಿಲ್ಲ. ಮಗುವಿಗೆ ಹೇಳುವ ಹಾಗೆ ಹೇಳಿದ. “ನೋಡಿಮ್ಮಾ, ಹುರಿಯೋದು ಅನ್‌ಸ್ಕಿಲ್ಡ್ ವರ್ಕು. ಯಾರು ಬೇಕಾದ್ರೂ ಮಾಡ್ತಾರೆ. ಸೆಂಟ್ರಲ್‌ಗೆ ಬೆಳಗ್ಗೆ ಟ್ರೇನ್ ಬಂದ್ರೆ ಮಧ್ಯಾಹ್ನಕ್ಕೆ ನಿಮ್ಮ ಜಾಗಕ್ಕೆ ಹತ್ತು ಆಳು. ನನ್ನ ಹುಡುಕೋಕೆ ಇವರಿಗೆ ಏಳು ತಿಂಗಳಾಯ್ತು. ಸಂಬಳದ ಲೆಕ್ಕ ಇಷ್ಟೇ. ಕೋಪ ಪಡಬೇಡಿ, ಇದು ಮಾರ್ಕೆಟ್ಟು.”

“ಹಂಗಾರೆ ನಾಳೆ ನೀವೂ ಬರ್ಬೇಡಿ, ನಾನೂ ಬತ್ತಿಲ್ಲೆ. ಸಾಂಬಾರು ಯಾರಿಲ್ದೆ ನಿಲ್ತಿತ್ ಕಾಂಬ.”

ಕಾಂತಪ್ಪನ ಕೈ ನನ್ನ ಕೆನ್ನೆಗೆ ಬಿತ್ತು. ಕಿವಿ ಗುಂಯ್ ಅಂತು. ಬಾಯಲ್ಲಿ ಉಪ್ಪುಪ್ಪು ರಕ್ತ.

“ಉಪ್ಪು ತಿಂದ ಮನಿಗೆ ಎರ್ಡ್ ಬಗೀತ್ಯಾ ಹೆಣೇ?” ಅಂದರು ಧಣಿ. ಆಮೇಲೆ ನೆಲ ನೋಡಿದರು. “ಎಂತ ಹೊಲಸ್ ಇದ್. ಒರ್ಸಿ ಹೋಗ್.”

“ಎಂತದ್ರಲ್ಲಿ ಧಣಿ?”

“ಸೆರ್ಗ್ ಇಲ್ಯಾ?”

ಮಂಡಿಯೂರಿ ಒರೆಸಿದೆ. ಮೇಜಿನಿಂದ ಲಿಫ್ಟಿನವರೆಗೆ, ನನ್ನ ಹೆಜ್ಜೆಯನ್ನು ನನ್ನ ಸೆರಗಿನಿಂದ. ರವಿಶಂಕರ್ ಬೂಟುಕಾಲು ಎತ್ತಿ ಹಿಡಿದ, ಅಡಿಯಲ್ಲೂ ಒರೆಸಲಿ ಅಂತ. ಅವತ್ತು ನಾನು ಅಳಲಿಲ್ಲ. ಒರೆಸಿದ ಸೆರಗನ್ನು ಒಗೆಯಲೂ ಇಲ್ಲ.

ಹತ್ತು ದಿನ ಕಳೆಯಿತು. ಮೈಲಾಪೂರಿನ ಹೋಟೆಲಿನ ಮೊದಲನೆಯ ಮಹಡಿಯಲ್ಲಿ ಗಾಜಿನ ಅಡುಗೆಮನೆ ಒಂದು ತಯಾರಾಗಿತ್ತು. ಗಿರಾಕಿಗಳ ಎದುರೇ ಮೆಣಸು ಹುರಿದು ತೋರಿಸುವುದಂತೆ. ರವಿಶಂಕರನದೇ ಯೋಚನೆ. ಸುತ್ತ ಗಾಜು, ಎ.ಸಿ., ಒಂದೇ ಬಾಗಿಲು. ಹೊಗೆ ಹೋಗುವ ಕೊಳವೆ ಇನ್ನೂ ಕೂಡಿಸಿರಲಿಲ್ಲ. ಫೋಟೋ ಹಿಡಿಯಲು ಅಷ್ಟು ಸಾಕು ಅಂದನಂತೆ. ಮುಂಬೈಯಿಂದ ದುಡ್ಡು ಹಾಕುವ ನಾಲ್ಕು ಮಂದಿ ಬರುವವರಿದ್ದರು.

ನನಗೆ ಬುಲಾವು ಬಂತು. ವಿಡಿಯೋದಲ್ಲಿ ಜಯಲಕ್ಷ್ಮಮ್ಮ ಸಟ್ಟುಗ ಹಿಡಿದು ನಿಲ್ಲುತ್ತಾರೆ, ಒಲೆ ಕಾಯಿಸಿಕೊಡಲು ಕೆಲಸ ಬಲ್ಲವಳು ಬೇಕು. ಅನ್‌ಸ್ಕಿಲ್ಡ್ ಕೆಲಸಕ್ಕೆ! ಇನ್ನೊಂದು ಕಾರಣವೂ ಇತ್ತು. ಹೊಸ ಜಾಗಕ್ಕೆ, ಮಗನಿಗೆ, ರವಿಶಂಕರನಿಗೆ ದೃಷ್ಟಿ ತೆಗೆಯಬೇಕು ಅಂತ ಅಜ್ಜಿ ಹಟ ಹಿಡಿದಿದ್ದರು. ಮೆಣಸು, ಉಪ್ಪು ನಿವಾಳಿಸಿ ಬೆಂಕಿಗೆ ಹಾಕುವುದು. ತಮ್ಮವರು ತೆಗೆದರೆ ದೃಷ್ಟಿ ತಮ್ಮವರಿಗೇ ಅಂಟುತ್ತದೆ, ಅಮ್ಮಣ್ಣಿ ತೆಗೆಯಲಿ ಅಂದರಂತೆ.

ಮೆಟ್ಟಿಲ ಬಳಿ ಕಾಂತಪ್ಪ ನನ್ನ ಕೈಗೆ ಒಂದು ಕಾಗದ ಕೊಟ್ಟ. ತಮಿಳಿನಲ್ಲಿತ್ತು. ಅವನಿಂದಲೇ ಓದಿಸಿ ಕೇಳಿದೆ. ಭೀಮಾಬಾಯಿಗೆ ಕೆಲಸಕ್ಕೆ ಸೇರುವ ಮೊದಲೇ ಟಿ.ಬಿ. ಇತ್ತು, ನಾನು ಕಣ್ಣಾರೆ ಬಲ್ಲೆ ಅಂತ.

“ಪೂಜೆ ಮುಗ್ದ ಕೂಡ್ಲೆ ರುಜು ಹಾಕ್. ಅವ್ಳ ಮಗ್ಳಿಗೆ ಇಪ್ಪತ್ ಸಾವ್ರ ಕೊಡ್ತ್ರ್ ಅಂಬ್ರ್. ಹಾಕ್ದಿದ್ರೆ ನಿಂಗೆ ಕೆಲ್ಸ ಇಲ್ಲೆ, ಅವ್ಳಿಗೆ ದುಡ್ಡಿಲ್ಲೆ.”

ಕಾಗದ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬೆಳಗ್ಗೆ ಆಸ್ಪತ್ರೆಯಲ್ಲಿ ಭೀಮಾಬಾಯಿಯನ್ನು ನೋಡಿಯೇ ಬಂದಿದ್ದೆ. ಮೂಗಿಗೆ ಕೊಳವೆ. ಮಾತಾಡಲು ಉಸಿರಿಲ್ಲದೆ ನನ್ನ ಸೆಟೆದ ಹೆಬ್ಬೆರಳನ್ನು ಹಿಡಿದುಕೊಂಡಿದ್ದಳು. ಬಿಡಿಸಿಕೊಳ್ಳಲು ಹೊತ್ತಾಯಿತು.

ಗಾಜಿನ ಕೋಣೆಯಲ್ಲಿ ಎಂಟು ಜನ ಇದ್ದರು. ಧಣಿ, ಅಜ್ಜಿ, ರವಿಶಂಕರ್, ಕಾಂತಪ್ಪ, ಮುಂಬೈಯ ನಾಲ್ವರು. ವಿಡಿಯೋದವನು ಗಾಜಿನ ಹೊರಗೆ. ಒಲೆಯ ಮೇಲೆ ಹೊಸ ಬಾಣಲೆ. ಪಕ್ಕದಲ್ಲಿ ಬುಟ್ಟಿ ತುಂಬ ಬ್ಯಾಡಗಿ, ಮೂರು ಕಿಲೋ ಇರಬಹುದು. ತಟ್ಟೆಯಲ್ಲಿ ಕಲ್ಲುಪ್ಪು.

ಒಲೆ ಹಚ್ಚಿದೆ. ಅಜ್ಜಿ ಸಟ್ಟುಗ ಹಿಡಿದು ನಕ್ಕರು, ವಿಡಿಯೋ ಆಯಿತು. ಬಾಣಲೆಯ ಸದ್ದು ಬದಲಾಯಿತು. ಕಾದಿದೆ ಅಂತ ನನಗೆ ತಿಳಿಯಿತು.

“ಸೀಕ್ರಂ, ಬೇಗ ದೃಷ್ಟಿ ಮುಗಿಸಮ್ಮಾ” ಅಂದ ರವಿಶಂಕರ್.

ನಾನು ಉಪ್ಪಿನ ತಟ್ಟೆ ಎತ್ತಿ ಬಾಗಿಲ ಪಕ್ಕ, ನೆಲದ ಮೇಲೆ ಇಟ್ಟೆ. ಅಜ್ಜಿಯ ಕೈ ಹಿಡಿದೆ. “ಅಜ್ಜಿ, ಬನ್ನಿ. ಹೊರ್ಗೆ ಕೂಕಣಿ.”

“ಮುಟ್ಬೇಡ, ಮುಟ್ಬೇಡ!” ಅಂದರು. ಮುಟ್ಟಿದೆ. ಎಂಬತ್ತು ವರ್ಷದ ಕೈ, ಬೆಣ್ಣೆಯ ಹಾಗಿತ್ತು. ಅವರನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ ಒಳಗೆ ಬಂದೆ. ಇದೂ ದೃಷ್ಟಿಯ ಶಾಸ್ತ್ರ ಅಂದುಕೊಂಡು ಯಾರೂ ತಡೆಯಲಿಲ್ಲ. ಮೇಲಿನ ಚಿಲಕ, ಕೆಳಗಿನ ಚಿಲಕ, ಎರಡೂ ಹಾಕಿ ಬಾಗಿಲಿಗೆ ಬೆನ್ನು ಕೊಡುವ ಮೊದಲು ಆ ಕಾಗದ ತೆಗೆದು ಬಾಣಲೆಗೆ ಎಸೆದೆ. ಅದು ಸುರುಟಿ ಕಪ್ಪಾಯಿತು. ಅದರ ಮೇಲೆ ಬುಟ್ಟಿ ಬೋರಲು ಹಾಕಿದೆ.

“ಉಪ್ಪು! ಉಪ್ಪು ಹಾಕೇ ಮುಂಡೆ!” ಕಾಂತಪ್ಪ ಕಿರುಚಿದ. ಅವನಿಗೆ ಗೊತ್ತಿತ್ತು. ಎರಡು ವರ್ಷವೂ ಗೊತ್ತಿತ್ತು.

ಘಾಟು ಎದ್ದಿತು. ಧಣಿ ಮೊದಲು ಬಗ್ಗಿದರು. ಪಂಚೆಯ ತುದಿ ಮೂಗಿಗೆ ಒತ್ತಿಕೊಂಡು ಗೋಡೆ ತಡವಿದರು. ಮುಂಬೈಯವರು ಒಬ್ಬರ ಮೇಲೊಬ್ಬರು ಬಿದ್ದರು. ಒಬ್ಬ ಕುರ್ಚಿ ಎತ್ತಿ ಗಾಜಿಗೆ ಬೀಸಿದ. ದಪ್ಪ ಗಾಜು, ಬಿರುಕು ಬಿಟ್ಟಿತೇ ಹೊರತು ಒಡೆಯಲಿಲ್ಲ. ಕಾಂತಪ್ಪ ನನ್ನ ಮೇಲೆ ನುಗ್ಗಿದ. ಕಣ್ಣು ಕಾಣದೆ ಬಿರುಕಿಗೇ ಗುದ್ದಿದ. ಮೊಣಕೈಯವರೆಗೆ ಸೀಳಿ ರಕ್ತ ಚಿಮ್ಮಿತು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಕೆಮ್ಮಲಿಲ್ಲ. ಕಣ್ಣು ಮಿಟುಕಿಸಲಿಲ್ಲ. ಈ ಗಂಟಲನ್ನು ಇವರೇ ತಯಾರು ಮಾಡಿದ್ದರು.

ರವಿಶಂಕರ್ ನೆಲಕ್ಕೆ ಬಿದ್ದು ವಾಂತಿ ಮಾಡಿದ. ಅದೇ ವಾಂತಿಯಲ್ಲಿ ಅಂಗೈ ಊರಿ ತೆವಳಿದ. ಮುಖ ಊದಿತ್ತು, ಮೂಗಿನಿಂದ ಸಿಂಬಳ ಗಲ್ಲಕ್ಕೆ ಇಳಿಯುತ್ತಿತ್ತು.

“ಬಾಗಿಲು... ತೆಗಿ...”

“ಒಂದ್ ನಿಮ್ಷ ಆಯ್ತ್ ಸಾರ್. ನಮ್ಗೆ ದಿನಕ್ಕೆ ಒಂಬತ್ ಗಂಟೆ.”

“ಉಪ್ಪು ಹಾಕು... ದಯವು ಸೆಂಜು...”

ತಟ್ಟೆಯಿಂದ ಒಂದು ಮುಷ್ಟಿ ಎತ್ತಿ ಹಿಡಿದೆ. “ಎಷ್ಟ್ ಕೊಡ್ತ್ರಿ ಸಾರ್ ಇದ್ಕೆ? ಹೇಳಿ. ಮಾರ್ಕೆಟ್ ರೇಟ್ ಎಷ್ಟ್?”

“ಏನು ಬೇಕಾದ್ರೂ... ಎಷ್ಟು ಬೇಕಾದ್ರೂ...”

ಮುಷ್ಟಿಯನ್ನು ತಟ್ಟೆಗೇ ಸುರಿದೆ. ತಟ್ಟೆಯನ್ನು ಕಾಲಿನಿಂದ ಅವನ ಕಡೆ ತಳ್ಳಿದೆ. “ಯಾರ್ ಬೇಕಾರೂ ಮಾಡು ಕೆಲ್ಸ ಅಲ್ದಾ? ನೀವೇ ಹಾಕಿ.”

ಅವನು ಎರಡೂ ಕೈಯಲ್ಲಿ ಉಪ್ಪು ಬಾಚಿಕೊಂಡು ಎದ್ದ. ಕಣ್ಣು ಮುಚ್ಚಿಯೇ ಬಾಣಲೆಗೆ ಎಸೆದ. ತೂಕ ತಪ್ಪಿ ಅಂಗೈ ಬಾಣಲೆಯ ಅಂಚಿಗೆ ಊರಿತು. ಆ ಕೂಗು ಕೆಳಗಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದವರಿಗೂ ಕೇಳಿತಂತೆ. ಅರ್ಧ ಉಪ್ಪು ಹೊರಗೆ ಬಿತ್ತು. ಒಳಗೆ ಬಿದ್ದದ್ದು ಸಾಕಾಗುವುದಿಲ್ಲ ಅಂತ ನನಗೆ ಗೊತ್ತಿತ್ತು. ಒಲೆ ಆರಿಸಿದೆ. ಚಿಲಕ ತೆಗೆದೆ.

ಎಲ್ಲರೂ ಹೊರಗೆ ಉರುಳಿದ ಮೇಲೆ ನಾನು ನಡೆದು ಬಂದೆ. ಅಲ್ಲಿಯ ಬಿಳಿ ಕಲ್ಲಿನ ಮೇಲೂ ಕೆಂಪು ಹೆಜ್ಜೆ ಮೂಡಿದವು. ಅದರಲ್ಲಿ ಕಾಂತಪ್ಪನ ರಕ್ತವೂ ಇತ್ತು. ಒರೆಸು ಅಂತ ಯಾರೂ ಹೇಳಲಿಲ್ಲ. ಅಜ್ಜಿ ಕುರ್ಚಿಯಲ್ಲಿ ಕೂತು, ನಾನು ಹಿಡಿದ ಕೈಯನ್ನು ಸೀರೆಗೆ ಉಜ್ಜುತ್ತಿದ್ದರು. ಮೆಟ್ಟಿಲ ಮೇಲೆ ಕೂತು ಪೊಲೀಸರಿಗೆ ಕಾದೆ. ನನ್ನ ತೋಳು ಹಿಡಿದ ಪೊಲೀಸಮ್ಮನಿಗೆ ಸ್ಟೇಷನ್ ಮುಟ್ಟುವವರೆಗೂ ಸೀನು ನಿಲ್ಲಲಿಲ್ಲ.

ಯಾರೂ ಸಾಯಲಿಲ್ಲ. ಎರಡು ದಿನದಲ್ಲಿ ಎಲ್ಲರೂ ಆಸ್ಪತ್ರೆಯಿಂದ ಮನೆಗೆ ಹೋದರು. ರವಿಶಂಕರನ ಅಂಗೈಗೆ ಆಪರೇಷನ್ ಆಗಿದೆ, ಖರ್ಚು ಕಂಪನಿಯದು. ಅವನ ಸಂಬಳ ಹಾಗೇ ಇದೆ. ಆರನೆಯ ದಿನ ಭೀಮಾಬಾಯಿ ಸತ್ತಳು. ರುದ್ರೇಶ್ ಬಂದು ಹೇಳಿದಾಗ ನಾನು ಜೈಲಿನ ಕಂಬಿ ಹಿಡಿದು ಬೊಬ್ಬೆ ಹೊಡೆದು ಅತ್ತೆ. ಡಾಕ್ಟರಮ್ಮನ ಚೀಟಿ ಈಗ ರುದ್ರೇಶರ ಹತ್ತಿರವೇ ಇದೆ. ಭೀಮಾಬಾಯಿಯ ಮಗಳ ಹೆಸರಿನಲ್ಲಿ ಕಂಪನಿಯ ಮೇಲೆ ಕೇಸು ಹಾಕಿದ್ದಾರೆ. ಸೌಕಾರ್‌ಪೇಟೆಯಲ್ಲಿ ಈಗ ಎರಡೂ ಫ್ಯಾನು ತಿರುಗುತ್ತಿವೆಯಂತೆ. ಉಪ್ಪಿನ ಡಬ್ಬಿ ವಾಪಸು ಬಂದಿದೆ.

ಇನ್ನು ಆ ಮಾತು.

ರುದ್ರೇಶ್ ಸಾರ್, ನೀವು ನನ್ನ ಒಳ್ಳೆಯದಕ್ಕೇ ಹೇಳಿದ್ದೀರಿ. ಆದರೆ ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದು ಬಾಣಲೆ ಮೆಣಸನ್ನೂ ಸೀಯಿಸಿದವಳಲ್ಲ. ಅವತ್ತು ಬಾಣಲೆ ಎಷ್ಟು ಕಾಯಬೇಕು, ಮೆಣಸು ಎಷ್ಟು ಬೀಳಬೇಕು, ಯಾವ ಹೊತ್ತಿಗೆ ಬಾಗಿಲು ತೆಗೆದರೆ ಉಸಿರು ಉಳಿಯುತ್ತದೆ, ಎಲ್ಲವೂ ನನಗೆ ಗೊತ್ತಿತ್ತು. ಆ ಕೋಣೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬಳಿಗೇ. ಒಂಬತ್ತು ಲಕ್ಷದವನಿಗೆ ಗೊತ್ತಿರಲಿಲ್ಲ. ಕೆಲಸ ಗೊತ್ತಿಲ್ಲದವಳು ಅಂತ ಅವರು ಹೇಳಿದ್ದನ್ನು ನಾನೂ ಬರೆದು ರುಜು ಹಾಕಿದರೆ, ಭೀಮಾಬಾಯಿ ಸುಟ್ಟುಕೊಂಡ ಎದೆಗೆ ನಾನೇ ಬೆಲೆ ಇಲ್ಲ ಅಂದ ಹಾಗಾಗುತ್ತದೆ.

ಎಷ್ಟು ವರ್ಷವಾದರೂ ಆಗಲಿ. ತಮಿಳಿಗೆ ಮಾಡಿಸುವಾಗ ಇದೊಂದನ್ನು ಬಿಡಬೇಡಿ.

ನನ್ನ ಕೈ ಜಾರಲಿಲ್ಲ.